ಕಾರ್ನೀಲಿಯಾ ಸೊರಾಬ್ಜಿ

ವಿದ್ಯೆಯನ್ನು ಸಂಪಾದಿಸುವುದು ಒಂದು ಸಾಧನೆಯಾದರೆ, ಸಂಪಾದಿಸಿದ ವಿದ್ಯೆಗೆ ಮಾನ್ಯತೆಯನ್ನು ಪಡೆಯುವುದು ಇನ್ನೊಂದು ಸಾಧನೆ. ವೈದ್ಯರಾಗಲಿ ನ್ಯಾಯವಾದಿಗಳಾಗಲಿ ತಾವು ಕಲಿತುದನ್ನು ಜನರ ನಡುವೆ ಬಳಕೆಗೆ ತರಬೇಕಾದರೆ ಆ ನಾಡಿನ ಕಾನೂನು ಅವರಿಗೆ ಅನುಮತಿಯನ್ನು ನೀಡಬೇಕು. ಒಂದು ದೇಶದಲ್ಲಿ ಪಡೆದ ಪಾಂಡಿತ್ಯವು ಮತ್ತೊಂದು ದೇಶದಲ್ಲಿ ತಾನಾಗಿಯೇ ಸಲ್ಲುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ನ್ಯಾಯಶಾಸ್ತ್ರವನ್ನು ಅಭ್ಯಾಸ ಮಾಡಿ ಭಾರತಕ್ಕೆ ಹಿಂತಿರುಗಿದ ಒಬ್ಬ ಮಹಿಳೆಗೆ ಈ ಮಾನ್ಯತೆ ದೊರೆಯಲು ಸುಮಾರು ಮೂವತ್ತು ವರ್ಷಗಳು ಬೇಕಾದುವು. ಆಕೆಯೇ ಕಾರ್ನೀಲಿಯಾ ಸೊರಾಬ್ಜಿ.

ಕಾರ್ನೀಲಿಯಾ ಅವರು 1866ನೆಯ ಇಸವಿ ನವೆಂಬರ್ 15ರಂದು ನಾಸಿಕದಲ್ಲಿ ಜನಿಸಿದರು. ತಂದೆ ಸೊರಾಬ್ಜಿ ಖರ್ಸೆಡ್‌ಜಿ ಅವರು ಪಾರ್ಸಿ ಮನೆತನದಲ್ಲಿ ಹುಟ್ಟಿ ಕ್ರೈಸ್ತಮತವನ್ನು ಸ್ವೀಕರಿಸಿದವರು. ತಾಯಿ ಫ್ರಾನ್ಸಿನಾ ಅವರು ಸ್ತ್ರೀಶಿಕ್ಷಣಕ್ಕಾಗಿ ದುಡಿದವರು. ಪುಣೆಯಲ್ಲಿ ಶಾಲೆಗಳನ್ನು ತೆರೆದು ನಡೆಸಿದವರು. ಕಾರ್ನೀಲಿಯಾ ಅವರ ಬಾಲ್ಯದ ಮೊದಲ ಕೆಲವು ವರ್ಷಗಳು ಬೆಳಗಾವಿಯಲ್ಲಿ ಕಳೆದುವು. ಆಮೇಲೆ ಕುಟುಂಬವು ಪುಣೆಯಲ್ಲಿ ನೆಲೆಸಿತು. ಹೆಣ್ಣುಮಕ್ಕಳಿಗೆ ಅಕ್ಷರವನ್ನು ಕಲಿಸುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಈ ಮನೆಯ ಹೆಣ್ಣುಮಕ್ಕಳು ಉನ್ನತ ವಿದ್ಯಾಭ್ಯಾಸದ ಕನಸನ್ನು ಕಾಣುತ್ತ ಬೆಳೆದರು.

ಕಾರ್ನೀಲಿಯಾ ಅವರ ಮನಸ್ಸಿನಲ್ಲಿ ನ್ಯಾಯಶಾಸ್ತ್ರದ ಕಡೆಗೆ ಒಲವು ಮೂಡಿದುದು ಎಳೆಯ ವಯಸ್ಸಿನಲ್ಲಿಯೇ. ತಾಯಿಯ ಬಳಿಗೆ ಕಷ್ಟಸುಖಗಳನ್ನು ಹೇಳಿಕೊಳ್ಳಲು ಅನೇಕ ಸ್ತ್ರೀಯರು ಬರುತ್ತಿದ್ದರು. ಅವರಲ್ಲಿ ಒಬ್ಬಾಕೆ ಸಿರಿವಂತ ಮನೆತನದ ವಿಧವೆ. ಆಕೆ ನಂಬಿದ ಕಾರಭಾರಿಯೇ ಆಕೆಯನ್ನು ವಂಚಿಸಿ ಆಸ್ತಿಯನ್ನು ಕಬಳಿಸಿದ್ದನು. ಪುರುಷರ ಎದುರಿಗೆ ಬರಲಾರದ, ಕಾಗದಪತ್ರವನ್ನು ಓದಲಾರದ ಆ ಹೆಂಗಸಿನ ದುಃಖವನ್ನು ಬಾಲಕಿ ಕಾರ್ನೀಲಿಯಾ ಕಂಡರು. ಇಂಥವರಿಗೆ ನೆರವಾಗಬೇಕಾದರೆ ಕಾನೂನನ್ನು ಕಲಿಯಬೇಕೆಂದು ತಾಯಿ ತಿಳಿಯಹೇಳಿದರಂತೆ. ಈ ಪ್ರಸಂಗವನ್ನು ಕಾರ್ನೀಲಿಯಾ ಅವರು ಮುಂದೆ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಅವರ ಉನ್ನತ ವ್ಯಾಸಂಗ ನಡೆಯಿತು. ನೂರಾರು ಯುವಕರ ನಡುವೆ ಅವರೊಬ್ಬರೇ ವಿದ್ಯಾರ್ಥಿನಿ. ತರಗತಿಗೆ ಬರುವಾಗ ಬಾಗಿಲನ್ನು ಮುಚ್ಚಿ ಅವರನ್ನು ಹೊರಗಿಡಲು ಯತ್ನಿಸಿದ ವಿದ್ಯಾರ್ಥಿಗಳೂ ಇದ್ದರು. ಅವರು ಇದಾವುದನ್ನೂ ಲೆಕ್ಕಿಸದೆ ಓದಿ ಮೊದಲ ದರ್ಜೆಯಲ್ಲಿ ಉತ್ತೀರ್ಣರಾದರು. ಬೊಂಬಾಯಿ ವಿಶ್ವವಿದ್ಯಾನಿಲಯದ ಮೊದಲ ಮಹಿಳಾ ಪದವೀಧರೆ ಎಂಬ ಕೀರ್ತಿ ಅವರದಾಯಿತು. ಅವರು ಗಳಿಸಿದ್ದ ಸ್ಥಾನಕ್ಕೆ ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡಲು ಸರ್ಕಾರದ ವಿದ್ಯಾರ್ಥಿವೇತನ ದೊರೆಯಬೇಕಾಗಿತ್ತು. ಆದರೆ ಆ ವೇತನವು ಪುರುಷರಿಗೆ ಮಾತ್ರ ಮೀಸಲೆಂದು ಅಧಿಕಾರಿಗಳು ಹೇಳಿದರು. ಯೋಗ್ಯತೆಯಿದ್ದರೂ ಸ್ತ್ರೀ ಎಂಬ ಒಂದೇ ಕಾರಣದಿಂದ ಅವಕಾಶ ತಪ್ಪಿದ ಈ ಪ್ರಸಂಗವು ಅವರ ಜೀವನದಲ್ಲಿ ಮೊದಲನೆಯದು; ಕೊನೆಯದಲ್ಲ.

ನಿರಾಶರಾಗಿ ಕೂಡುವ ಸ್ವಭಾವ ಅವರದಾಗಿರಲಿಲ್ಲ. ಕೆಲಕಾಲ ಅಹಮದಾಬಾದಿನ ಗುಜರಾತ್ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದರು. ಅತ್ತ ಇಂಗ್ಲೆಂಡಿನಲ್ಲಿದ್ದ ಹಿತೈಷಿಗಳು ಅವರ ವಿದ್ಯಾಭ್ಯಾಸಕ್ಕಾಗಿ ಹಣವನ್ನು ಕೂಡಿಸಿದರು. ದಾದಿಯರ ವೃತ್ತಿಗೆ ಗೌರವವನ್ನು ತಂದಿತ್ತ ಫ್ಲಾರೆನ್ಸ್ ನೈಟಿಂಗೇಲ್, ಭಾರತೀಯರ ಮಿತ್ರರೆನಿಸಿದ್ದ ವಿಲಿಯಂ ವೆಡರ್‌ಬರ್ನ್, ಮೇರಿ ಹಾಬ್‌ಹೌಸ್ ಮೊದಲಾದವರು ಈ ಕಾರ್ಯದಲ್ಲಿ ನೆರವಾದರು. 1889ರಲ್ಲಿ ಕಾರ್ನೀಲಿಯಾ ಅವರು ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಸಾಮರ್‌ವಿಲ್ ಹಾಲನ್ನು ಸೇರಿದರು. ಬೇಲಿಯಲ್ ಕಾಲೇಜಿನ ಮುಖ್ಯಸ್ಥರಾಗಿದ್ದ ಬೆಂಜಮಿನ್ ಜೋವೆಟ್ ಅವರು ಈ ವಿದ್ಯಾರ್ಥಿನಿಯ ಬುದ್ಧಿಶಕ್ತಿಯನ್ನು ಮೆಚ್ಚಿ ಬೆಂಬಲವಾಗಿ ನಿಂತರು. ಆಲ್ ಸೋಲ್ಸ್ ಕಾಲೇಜಿನ ಸುಪ್ರಸಿದ್ಧ ಗ್ರಂಥಭಂಡಾರದಲ್ಲಿ ಕುಳಿತು ನ್ಯಾಯಗ್ರಂಥಗಳನ್ನು ಓದಲು ಅವರಿಗೆ ಅನುಮತಿ ದೊರೆಯಿತು.

ನ್ಯಾಯಶಾಸ್ತ್ರದ ಉನ್ನತ ಪದವಿಯ ಪರೀಕ್ಷೆಗೆ ಅಲ್ಲಿಯವರೆಗೆ ಯಾವ ಮಹಿಳೆಯೂ ಕುಳಿತಿರಲಿಲ್ಲ. ಪುರುಷರೊಡನೆ ಸಮಾನವಾಗಿ ತಮ್ಮನ್ನೂ ಪರೀಕ್ಷಿಸಬೇಕೆಂಬುದು ಕಾರ್ನೀಲಿಯಾ ಅವರ ಹಟ. ಪ್ರತ್ಯೇಕವಾದ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅದಕ್ಕೆ ಯಾರೂ ಬೆಲೆಕೊಡರೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಕೊನೆಗೆ ವಿಶ್ವವಿದ್ಯಾನಿಲಯದ ಸಭೆಯು ವಿಶೇಷ ನಿರ್ಣಯವನ್ನು ಮಾಡಿ ಅನುಮತಿಯನ್ನಿತ್ತಿತು. 1892ರಲ್ಲಿ ಅವರು ಪರೀಕ್ಷೆಗೆ ಕುಳಿತು ಮೂರನೆಯ ದರ್ಜೆಯಲ್ಲಿ ತೇರ್ಗಡೆಯಾದರು. ಆ ಪರೀಕ್ಷೆಯನ್ನು ಬರೆದ ಮೊದಲ ಮಹಿಳೆ ಅವರೇ. ಆದರೆ ತೇರ್ಗಡೆಯಾದವರಿಗೆ ಕೊಡುವ ಪದವಿ ಮಾತ್ರ ಅವರಿಗೆ ದೊರೆಯಲಿಲ್ಲ. ಸ್ತ್ರೀಯರಿಗೆ ಪದವಿಯನ್ನು ಪ್ರದಾನ ಮಾಡುವ ಪದ್ಧತಿ ಆಗಿನ ಆಕ್ಸ್‌ಫರ್ಡಿನಲ್ಲಿ ಇರಲಿಲ್ಲ. ಜ್ಞಾನವಿದ್ದೂ ಜ್ಞಾನದ ಕುರುಹಾದ ಪತ್ರವಿಲ್ಲದೆ ಅವರು ತಾಯ್ನಾಡಿಗೆ ಮರಳಬೇಕಾಯಿತು.

ಅಂದಿನ ಭಾರತದ ನ್ಯಾಯಾಲಯಗಳ ವ್ಯವಸ್ಥೆಯನ್ನು ಅರಿತರೆ ಅವರ ಮುಂದಿದ್ದ ಅಡಚಣೆಗಳು ಸ್ಪಷ್ಟವಾಗುತ್ತವೆ. ನ್ಯಾಯವಾದಿಗಳಲ್ಲಿ ಅನೇಕ ವರ್ಗಗಳಿದ್ದುವು. ಇಂಗ್ಲೆಂಡಿನ ನ್ಯಾಯವಾದಿಗಳ ಸಂಸ್ಥೆಗಳಾದ ಇನ್‌ಗಳಲ್ಲಿ ಸೇರಿ, ಅಲ್ಲಿಯ ಪರೀಕ್ಷೆಗಳಲ್ಲಿ ತೇರ್ಗಡೆಯಾದವರು ಬ್ಯಾರಿಸ್ಟರರು. ಅವರು ಇಲ್ಲಿಗೆ ಬಂದು ಉಚ್ಚ ನ್ಯಾಯಾಲಯಗಳಲ್ಲಿ ಹೆಸರನ್ನು ನೋಂದಾಯಿಸಿಕೊಂಡು ವಾದಿಸಬಹುದಾಗಿತ್ತು. ಇಂಗ್ಲೆಂಡಿನ ಅರ್ಹತೆಯು ಭಾರತದಲ್ಲಿ ಸಲ್ಲುತ್ತಿದ್ದುದು ಈ ಮಾರ್ಗದಿಂದ. ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಕಾನೂನನ್ನು ಓದಿದವರೂ ನ್ಯಾಯಾಲಯಗಳು ನಡೆಸುವ ಪರೀಕ್ಷೆಗಳಲ್ಲಿ ಗೆದ್ದವರೂ ವಕೀಲರಾಗಿ, ಪ್ಲೀಡರುಗಳಾಗಿ ಸನ್ನದನ್ನು ಪಡೆಯುತ್ತಿದ್ದರು. ಇಂಗ್ಲೆಂಡಿನ ಇನ್‌ಗಳು ಸ್ತ್ರೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾದುದರಿಂದ ಮೊದಲನೆಯ ಮಾರ್ಗವು ಕಾರ್ನೀಲಿಯಾ ಅವರಿಗೆ ಮುಚ್ಚಿಹೋಗಿತ್ತು. ಎರಡನೆಯ ಮಾರ್ಗವು ತೆರೆದಿದೆಯೋ ಇಲ್ಲವೋ ಎಂಬುದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಆ ಪರೀಕ್ಷೆಗೆ ಅವರು ಸಿದ್ಧರಾದರು.

ದೇಶಕ್ಕೆ ಹಿಂತಿರುಗಿದ ಮೇಲೆ ಅವರು ಕಾಠಿಯಾವಾಡದ ಸಂಸ್ಥಾನಗಳಲ್ಲಿ ಅಂತಃಪುರದ ಸ್ತ್ರೀಯರಿಗೆ ಸಲಹೆಗಾರರಾಗಿ ದುಡಿಯತೊಡಗಿದರು. ಅಲ್ಲಿಯ ಏಜೆನ್ಸಿ ನ್ಯಾಯಾಲಯದಲ್ಲಿ ವಾದಿಸಲು ವಿಶೇಷ ಅನುಮತಿಯೂ ದೊರೆಯಿತು. ಆದರೆ ಆ ಅನುಮತಿಯು ಆ ಪ್ರದೇಶದ ಗಡಿಯನ್ನು ದಾಟುತ್ತಿರಲಿಲ್ಲ. ಒಂದು ಸಂಸ್ಥಾನದಲ್ಲಿ ಆನೆಯೊಂದಕ್ಕೆ ಸಲ್ಲಬೇಕಾಗಿದ್ದ ಬಾಳೆಯ ತೋಟದ ವಿಚಾರವಾಗಿ ಅವರು ವಾದಿಸಲು ಹೋದ ಪ್ರಸಂಗವನ್ನು ಆತ್ಮಕಥೆಯಲ್ಲಿ ವಿನೋದವಾಗಿ ವರ್ಣಿಸಿದ್ದಾರೆ. ಅಲ್ಲಿಯ ರಾಜನೇ ನ್ಯಾಯಾಧೀಶ. ತನ್ನ ನಾಯಿಗೆ ಈಕೆ ಇಷ್ಟವಾದಳೆಂಬ ಕಾರಣದಿಂದ ಅವನು ಅವರ ಪಕ್ಷಕ್ಕೆ ಜಯವನ್ನು ಕೊಟ್ಟುಬಿಟ್ಟನಂತೆ! ವಾದದ ಬಲವಿಲ್ಲದೆ ದೊರೆತ ಇಂಥ ಗೆಲುವಿನಿಂದ ಅವರಿಗೆ ಹರ್ಷವಾಗಲಿಲ್ಲ. ನಿಜವಾದ ನ್ಯಾಯಾಲಯದಲ್ಲಿ, ಉಳಿದ ವಕೀಲರಂತೆ ನಿಂತು ವಾದಿಸಬೇಕೆಂಬ ಅವರ ಹಂಬಲ ಮತ್ತಷ್ಟು ಬೆಳೆಯಿತು.

1896ರಲ್ಲಿ ಪುಣೆಯ ನ್ಯಾಯಾಲಯವೊಂದರಲ್ಲಿ ಕೊಲೆಯ ಆಪಾದನೆಗೆ ಗುರಿಯಾಗಿದ್ದ ಮಹಿಳೆಯೊಬ್ಬಳ ಪರವಾಗಿ ಅವರು ನಿಂತರು. ನ್ಯಾಯಾಲಯದ ಅನುಮತಿಯಿಂದ ವಕೀಲರಲ್ಲದವರೂ ಆಪಾದಿತರ ಪರವಾಗಿ ಮಾತನಾಡಬಹುದೆಂಬ ನಿಯಮ ಅಂದಿನ ದಂಡಪ್ರಕ್ರಿಯೆಯಲ್ಲಿ ಇತ್ತು. ಆ ನಿಯಮವೇ ಅವರಿಗೆ ಆಸರೆಯಾಯಿತು. ಒಂದೊಂದು ಮೊಕದ್ದಮೆಗೂ ಒಬ್ಬೊಬ್ಬ ನ್ಯಾಯಾಧೀಶರ ಕೃಪೆಯನ್ನು ಬೇಡುವುದು ವೃತ್ತಿಯೆನಿಸಲಾರದು. ಅದಕ್ಕಾಗಿ 1897ರಲ್ಲಿ ಬೊಂಬಾಯಿ ವಿಶ್ವವಿದ್ಯಾನಿಲಯದ ಕಾನೂನು ಪದವಿಯ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಆಕ್ಸ್‌ಫರ್ಡಿನಲ್ಲಿ ಉನ್ನತ ಪರೀಕ್ಷೆಯನ್ನು ಗೆದ್ದಿದ್ದವರು ಮತ್ತೆ ಸಾಮಾನ್ಯ ವಿದ್ಯಾರ್ಥಿಯಂತೆ ಪುಸ್ತಕಗಳನ್ನು ಹಿಡಿದುದು ಅವರ ನಿಷ್ಠೆಗೆ ಸಾಕ್ಷಿ. ಆದರೂ ಸನ್ನದು ದೊರೆಯಲಿಲ್ಲ. 1899ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯದ ವಕೀಲಿ ಪರೀಕ್ಷೆಯಲ್ಲಿಯೂ ಉತ್ತೀರ್ಣರಾದರು. ಅಲ್ಲಿಯ ನ್ಯಾಯಾಧೀಶರು ಅವರ ಹೆಸರನ್ನು ವಕೀಲರ ಪಟ್ಟಿಯಲ್ಲಿ ಸೇರಿಸಲು ಒಪ್ಪಲಿಲ್ಲ. ಮೂರು ಪರೀಕ್ಷೆಗಳಲ್ಲಿ ಗೆದ್ದ ಬಳಿಕವೂ ಅವರು ವಕೀಲರಾಗಿರಲಿಲ್ಲ.

ಮುಂಬಾಗಿಲು ತೆರೆಯದಿದ್ದಾಗ ಅವರು ಮತ್ತೊಂದು ದಾರಿಯನ್ನು ಹುಡುಕಿದರು. ಅಂದಿನ ಜಮೀನುದಾರಿ ಮನೆತನಗಳಲ್ಲಿ ಅನೇಕ ಸ್ತ್ರೀಯರು ಗೋಷಾ ಪದ್ಧತಿಯನ್ನು ಪಾಲಿಸುತ್ತಿದ್ದರು. ಅನ್ಯಪುರುಷರ ಮುಖವನ್ನು ನೋಡುವಂತಿಲ್ಲ, ಅವರೊಡನೆ ಮಾತನಾಡುವಂತಿಲ್ಲ. ವಕೀಲರೋ ಎಲ್ಲರೂ ಪುರುಷರು. ಯಜಮಾನನು ತೀರಿಕೊಂಡರೆ ಆಸ್ತಿಯ ಲೆಕ್ಕಪತ್ರವೆಲ್ಲವೂ ಕಾರಭಾರಿಗಳ ಮತ್ತು ದಾಯಾದಿಗಳ ಕೈಸೇರುತ್ತಿತ್ತು. ಪರದೆಯ ಹಿಂದಿನಿಂದ ಕೈಚಾಚಿ ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನು ಬರೆದಿದೆಯೆಂಬುದು ಒತ್ತಿದವಳಿಗೆ ತಿಳಿಯುತ್ತಿರಲಿಲ್ಲ. ಕಾನೂನಿನಲ್ಲಿ ಅವಳಿಗೆ ಹಕ್ಕುಗಳಿದ್ದರೂ ಆ ಹಕ್ಕುಗಳನ್ನು ಕೇಳಿಪಡೆಯುವ ಬಾಯಿ ಇರಲಿಲ್ಲ. ಇಂಥವರ ಬಳಿಗೆ ಹೋಗಬಲ್ಲ ಕಾನೂನು ಬಲ್ಲ ಮಹಿಳೆಯೊಬ್ಬಳನ್ನು ಸರ್ಕಾರವೇ ನೇಮಿಸಬೇಕೆಂದು 1902ರಿಂದ ಕಾರ್ನೀಲಿಯಾ ಅವರು ಲಂಡನ್ನಿನ ಇಂಡಿಯಾ ಕಚೇರಿಗೆ ಮನವಿಗಳನ್ನು ಸಲ್ಲಿಸಿದರು.

ಈ ಪ್ರಯತ್ನವು ಫಲಿಸಿತು. 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್ ಎಂಬ ಇಲಾಖೆಯಲ್ಲಿ ಅವರನ್ನು ಮಹಿಳಾ ಸಹಾಯಕರನ್ನಾಗಿ ನೇಮಿಸಲಾಯಿತು. ಅಪ್ರಾಪ್ತವಯಸ್ಕರಾದ ವಾರಸುದಾರರ ಮತ್ತು ಆಸ್ತಿಯನ್ನು ನೋಡಿಕೊಳ್ಳಲಾರದವರ ಜಮೀನುದಾರಿಗಳನ್ನು ಸರ್ಕಾರದ ಪರವಾಗಿ ಆಡಳಿತ ಮಾಡುವುದು ಈ ಇಲಾಖೆಯ ಕೆಲಸ. 1907ರ ಹೊತ್ತಿಗೆ ಬಂಗಾಳ, ಬಿಹಾರ, ಒರಿಸ್ಸಾ ಮತ್ತು ಅಸ್ಸಾಮುಗಳು ಅವರ ಕಾರ್ಯಕ್ಷೇತ್ರದೊಳಗೆ ಬಂದಿದ್ದುವು. ರೈಲು, ದೋಣಿ, ಪಲ್ಲಕ್ಕಿ, ಆನೆ, ದೊರೆತ ವಾಹನವನ್ನೇರಿ ಅವರು ದೂರದ ಹಳ್ಳಿಗಳ ಮಹಲುಗಳಿಗೆ ಹೋಗುತ್ತಿದ್ದರು. ಅಂತಃಪುರದ ಚಾಪೆಯ ಮೇಲೆ ಕುಳಿತು ವಿಧವೆಯರ ದೂರುಗಳನ್ನು ಕೇಳುತ್ತಿದ್ದರು. ದಸ್ತಾವೇಜುಗಳನ್ನು ಓದಿ ವಿವರಿಸುತ್ತಿದ್ದರು. ಜೀವನಾಂಶವು ಸರಿಯಾಗಿ ಸಲ್ಲುವಂತೆ, ಎಳೆಯ ವಾರಸುದಾರರಿಗೆ ವಿದ್ಯಾಭ್ಯಾಸವು ದೊರೆಯುವಂತೆ ನೋಡಿಕೊಳ್ಳುತ್ತಿದ್ದರು. ಸುಮಾರು ಎರಡು ದಶಕಗಳ ಸೇವೆಯಲ್ಲಿ ಆರುನೂರಕ್ಕೂ ಹೆಚ್ಚು ಸ್ತ್ರೀಯರು ಮತ್ತು ಮಕ್ಕಳು ಅವರ ನೆರವನ್ನು ಪಡೆದರೆಂದು ಅಂದಾಜು. 1909ರಲ್ಲಿ ಸರ್ಕಾರವು ಅವರಿಗೆ ಕೈಸರ್-ಇ-ಹಿಂದ್ ಚಿನ್ನದ ಪದಕವನ್ನಿತ್ತು ಗೌರವಿಸಿತು. ಆದರೂ ಇದು ಸಲಹೆ ನೀಡುವ ಹುದ್ದೆಯೇ ಹೊರತು ವಕೀಲಿ ವೃತ್ತಿಯಲ್ಲ. ತಾವು ಸಿದ್ಧಪಡಿಸಿದ ಮೊಕದ್ದಮೆಯನ್ನು ನ್ಯಾಯಾಲಯದಲ್ಲಿ ಮಂಡಿಸುವವರು ಬೇರೆಯವರಾಗಿರುತ್ತಿದ್ದರು.

ಈ ನಡುವೆ ಇತರ ಮಹಿಳೆಯರೂ ನ್ಯಾಯಾಲಯಗಳ ಬಾಗಿಲನ್ನು ತಟ್ಟತೊಡಗಿದ್ದರು. 1916ರಲ್ಲಿ ರೆಜಿನಾ ಗುಹಾ ಎಂಬ ಪದವೀಧರೆಯು ಪ್ಲೀಡರಾಗಲು ಸಲ್ಲಿಸಿದ ಅರ್ಜಿಯನ್ನು ಕಲ್ಕತ್ತೆಯ ಉಚ್ಚ ನ್ಯಾಯಾಲಯವು ತಿರಸ್ಕರಿಸಿತು. ವಕೀಲರಿಗೆ ಸಂಬಂಧಿಸಿದ 1879ರ ಕಾಯಿದೆಯಲ್ಲಿ ವ್ಯಕ್ತಿ ಎಂಬ ಶಬ್ದವಿದ್ದರೂ ಅದು ಸ್ತ್ರೀಯರನ್ನು ಒಳಗೊಳ್ಳುವುದಿಲ್ಲವೆಂಬುದು ಆ ತೀರ್ಪಿನ ತಾತ್ಪರ್ಯ. ಒಂದು ಶಬ್ದದ ಅರ್ಥವನ್ನು ಹಿಗ್ಗಿಸುವುದರಲ್ಲಿ ಅಥವಾ ಕುಗ್ಗಿಸುವುದರಲ್ಲಿ ಮನುಷ್ಯರ ಬದುಕು ಅಡಗಿರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. 1921ರಲ್ಲಿ ಸುಧಾಂಶುಬಾಲಾ ಹಜ್ರಾ ಅವರ ಅರ್ಜಿಯನ್ನು ಪಾಟ್ನಾದ ಉಚ್ಚ ನ್ಯಾಯಾಲಯವೂ ತಳ್ಳಿಹಾಕಿತು.

ಆದರೆ ಕಾಲಚಕ್ರವು ತಿರುಗುತ್ತಿತ್ತು. 1919ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸ್ತ್ರೀ ಎಂಬ ಕಾರಣದಿಂದ ಯಾರನ್ನೂ ವೃತ್ತಿಗಳಿಂದ ಹೊರಗಿಡಬಾರದೆಂದು ಕಾಯಿದೆ ಮಾಡಿತು. ಇಂಗ್ಲೆಂಡಿನ ಇನ್‌ಗಳು ಸ್ತ್ರೀಯರಿಗೆ ತೆರೆದುವು. 1920ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪದವಿಯನ್ನು ಕೊಡತೊಡಗಿತು. 1921ರಲ್ಲಿ ಅಲಹಾಬಾದಿನ ಉಚ್ಚ ನ್ಯಾಯಾಲಯವು ಹಿಂದಿನ ನಿಲುವನ್ನು ಬದಲಿಸಿ ಕಾರ್ನೀಲಿಯಾ ಅವರ ಹೆಸರನ್ನು ವಕೀಲರ ಪಟ್ಟಿಯಲ್ಲಿ ಸೇರಿಸಿತು. ಅಲ್ಲಿಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಂದಿಗೆ 22 ವರ್ಷಗಳು ಸಂದಿದ್ದುವು. 1922ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ, ಮೂವತ್ತು ವರ್ಷಗಳ ಹಿಂದೆಯೇ ಗಳಿಸಿದ್ದ ಆಕ್ಸ್‌ಫರ್ಡಿನ ಪದವಿಯನ್ನು ಸ್ವೀಕರಿಸಿದರು. 1923ರಲ್ಲಿ ಲಿಂಕನ್ಸ್ ಇನ್ ಅವರನ್ನು ಬ್ಯಾರಿಸ್ಟರರೆಂದು ಅಂಗೀಕರಿಸಿತು. ಅದೇ ವರ್ಷ ಭಾರತದಲ್ಲಿಯೂ ಮಹಿಳಾ ನ್ಯಾಯವಾದಿಗಳ ಕಾಯಿದೆ ಜಾರಿಗೆ ಬಂದು, ಸ್ತ್ರೀಯೆಂಬ ಕಾರಣದಿಂದ ಯಾರಿಗೂ ಸನ್ನದನ್ನು ನಿರಾಕರಿಸಬಾರದೆಂಬ ನಿಯಮವು ದೇಶಕ್ಕೆಲ್ಲ ಅನ್ವಯವಾಯಿತು.

1924ರಲ್ಲಿ ಕಾರ್ನೀಲಿಯಾ ಅವರು ಕಲ್ಕತ್ತೆಯಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ಆಗ ಅವರಿಗೆ 57 ವರ್ಷ. ಇತರರು ವೃತ್ತಿಯಿಂದ ವಿರಮಿಸುವ ವಯಸ್ಸಿನಲ್ಲಿ ಅವರಿಗೆ ವೃತ್ತಿಯು ಪ್ರಾರಂಭವಾಯಿತು. ಕಾನೂನು ಬದಲಾದರೂ ಜನರ ಮನಸ್ಸು ಅಷ್ಟು ಬೇಗ ಬದಲಾಗಿರಲಿಲ್ಲ. ಮಹಿಳೆಯೊಬ್ಬಳು ನ್ಯಾಯಪೀಠದ ಮುಂದೆ ವಾದಿಸುವುದನ್ನು ಒಪ್ಪದವರು ಅನೇಕರಿದ್ದರು. ಆದುದರಿಂದ ಅವರ ಪಾಲಿಗೆ ಬಂದುದು ಬಹುಮಟ್ಟಿಗೆ ಕಾನೂನಿನ ಅಭಿಪ್ರಾಯಗಳನ್ನು ಬರೆದುಕೊಡುವ ಕೆಲಸ. 1929ರಲ್ಲಿ ಅವರು ವೃತ್ತಿಯಿಂದ ನಿವೃತ್ತರಾಗಿ ಲಂಡನ್ನಿನಲ್ಲಿ ನೆಲೆಸಿದರು.

ಅವರು ಒಳ್ಳೆಯ ಬರಹಗಾರ್ತಿಯೂ ಆಗಿದ್ದರು. ಅಂತಃಪುರದ ಸ್ತ್ರೀಯರ ಬಾಳನ್ನು ಕುರಿತು ಇಂಗ್ಲಿಷಿನಲ್ಲಿ ಕಥೆಗಳನ್ನೂ ಪ್ರಬಂಧಗಳನ್ನೂ ಬರೆದರು. 1934ರಲ್ಲಿ ಪ್ರಕಟವಾದ ಇಂಡಿಯಾ ಕಾಲಿಂಗ್ ಎಂಬ ಆತ್ಮಕಥೆಯು ಅವರ ಕೃತಿಗಳಲ್ಲಿ ಪ್ರಸಿದ್ಧವಾದುದು. ರಾಜಕೀಯದಲ್ಲಿ ಅವರ ವಿಚಾರಗಳು ಬಹುಮಂದಿ ದೇಶೀಯರ ವಿಚಾರಗಳಿಗಿಂತ ಭಿನ್ನವಾಗಿದ್ದುವು. ಬ್ರಿಟಿಷರ ಆಳ್ವಿಕೆಯಲ್ಲಿ ಅವರಿಗೆ ನಂಬಿಕೆಯಿತ್ತು. ಗಾಂಧೀಜಿಯವರ ಚಳವಳಿಯನ್ನು ಅವರು ಒಪ್ಪಲಿಲ್ಲ. ಭಾರತೀಯರ ಜೀವನವನ್ನು ಕಟುವಾಗಿ ಹಳಿದ ಕ್ಯಾಥರೀನ್ ಮೇಯೊ ಅವರ 1927ರ ಪುಸ್ತಕಕ್ಕೆ ಬೆಂಬಲವನ್ನು ತೋರಿ ಜನರ ಅಸಮಾಧಾನಕ್ಕೆ ಗುರಿಯಾದರು. ಈ ನಿಲುವಿನಿಂದಾಗಿ ದೇಶದಲ್ಲಿ ಅವರ ಸಮಾಜಸೇವೆಯ ಕಾರ್ಯಕ್ಕೂ ಹಿನ್ನಡೆಯಾಯಿತು. ಸ್ತ್ರೀಯರ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ದೇಶದ ಸ್ವಾತಂತ್ರ್ಯದ ಕರೆಗೆ ಓಗೊಡದೆ ಹೋದುದು ಅವರ ಜೀವನದ ವಿಪರ್ಯಾಸ. ಅವರ ಸಾಧನೆಯನ್ನು ಮೆಚ್ಚುವಾಗ ಇದನ್ನು ಮರೆಮಾಚಬೇಕಾಗಿಲ್ಲ. ಇದನ್ನು ನೆನೆಯುವಾಗ ಅವರ ಸಾಧನೆಯನ್ನು ಮರೆಯಲೂ ಬೇಕಾಗಿಲ್ಲ.

1954ನೆಯ ಇಸವಿ ಜುಲೈ 6ರಂದು ಕಾರ್ನೀಲಿಯಾ ಸೊರಾಬ್ಜಿ ಅವರು ತಮ್ಮ 87ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನ ಹೊಂದಿದರು. 2012ರಲ್ಲಿ ಲಿಂಕನ್ಸ್ ಇನ್ನಿನಲ್ಲಿ ಅವರ ಎದೆಮಟ್ಟದ ಪ್ರತಿಮೆಯನ್ನು ಅನಾವರಣ ಮಾಡಲಾಯಿತು. ಒಂದು ಕಾಲದಲ್ಲಿ ಸ್ತ್ರೀಯರಿಗೆ ಪ್ರವೇಶವನ್ನೇ ಕೊಡದಿದ್ದ ಸಂಸ್ಥೆಯು ಹೀಗೆ ಅವರನ್ನು ನೆನೆಯಿತು.

ಸ್ವತಂತ್ರ ಭಾರತದಲ್ಲಿ 1961ರ ವಕೀಲರ ಕಾಯಿದೆಯು ಬ್ಯಾರಿಸ್ಟರ್, ವಕೀಲ, ಪ್ಲೀಡರ್ ಎಂಬ ಹಳೆಯ ಭೇದಗಳನ್ನು ತೊಡೆದು ಒಂದೇ ವರ್ಗದ ನ್ಯಾಯವಾದಿಗಳನ್ನು ರೂಪಿಸಿತು. ಹೊರದೇಶದ ಕಾನೂನು ಪದವಿಯನ್ನು ಪಡೆದ ಭಾರತೀಯರು ಆ ಪದವಿಗೆ ಭಾರತೀಯ ವಕೀಲರ ಪರಿಷತ್ತಿನ ಮನ್ನಣೆಯಿದ್ದರೆ ಇಲ್ಲಿ ನ್ಯಾಯವಾದಿಗಳಾಗಬಹುದೆಂಬ ನಿಯಮವು ಅದರಲ್ಲಿದೆ. ಪದವಿಯ ಗುಣಮಟ್ಟವನ್ನು ಪರೀಕ್ಷಿಸಿ ಅನುಮತಿ ಕೊಡುವುದು ಯಾವ ನಾಡಿಗೂ ಸಹಜವಾದುದೇ. ಕಕ್ಷಿಗಾರನ ಹಿತವನ್ನು ಕಾಯಲು ಅದು ಅಗತ್ಯವೂ ಹೌದು. ಕಾರ್ನೀಲಿಯಾ ಅವರು ಇಂಥ ಪರೀಕ್ಷೆಗಳಿಗೆ ಎಂದೂ ಅಂಜಲಿಲ್ಲ. ಒಡ್ಡಿದ ಪರೀಕ್ಷೆಗಳನ್ನೆಲ್ಲ ಎದುರಿಸಿದರು. ಅವರು ಪ್ರತಿಭಟಿಸಿದುದು ಯೋಗ್ಯತೆಯನ್ನು ಅಳೆಯದೆಯೇ ಹುಟ್ಟನ್ನು ನೋಡಿ ತಳ್ಳಿಹಾಕುವ ಪದ್ಧತಿಯನ್ನು. ಇಂದು ದೇಶದ ಯಾವ ನ್ಯಾಯಾಲಯವನ್ನು ಪ್ರವೇಶಿಸಿದರೂ ಕಪ್ಪು ನಿಲುವಂಗಿಯನ್ನು ಧರಿಸಿ ವಾದಿಸುವ ಮಹಿಳೆಯರನ್ನು ಕಾಣಬಹುದು. ಅವರು ನಡೆಯುವ ದಾರಿಯನ್ನು ಸವೆಸಿದವರಲ್ಲಿ ಬೆಳಗಾವಿಯಲ್ಲಿ ಆಡಿ ಬೆಳೆದ ಆ ಬಾಲಕಿಯೂ ಒಬ್ಬರು.